ಬೇಡ ಅನ್ನೋರು ಯಾರಿದ್ದರು?

(ಮಾತಾಡುವವರು ಇಬ್ಬರು. ಒಬ್ಬರು ಸಣ್ಣ ವಿಮಾನ ಹಾರಿಸುವುದನ್ನು ಬಹುಕಾಲ ಕಲಿಸಿ ನಿವೃತ್ತರಾದವರು. ಇನ್ನೊಬ್ಬ ಮೋಟಾರ್ ರೇಸಿಂಗ್ ಬಗ್ಗೆ ಬರೆಯುವ ಯುವಕ. ಹೊಸ ಲೇಖನದ ಕರಡನ್ನು ಅವರಿಗೆ ಓದಲು ಕೊಟ್ಟಿದ್ದಾನೆ.)

— ರೇಸಿನ ಭಾಗ ಚೆನ್ನಾಗಿ ಬಂದಿದೆ. ವಿಮಾನದ ಭಾಗ ಬಂದ ಕೂಡಲೇ ನೀನು ಜ್ಯೋತಿಷಿ ಆಗಿಬಿಟ್ಟಿದ್ದೀಯ.

— ಜ್ಯೋತಿಷಿನಾ?

— ಒಂದೇ ಪುಟದಲ್ಲಿ ಮೂರು ಸಲ ವಿಧಿ. ಸಾಲದು ಅಂತ ‘ಮಂಜಿನ ರೂಪದಲ್ಲಿ ಕಾದು ಕುಳಿತ ವಿಧಿ’ ಬೇರೆ. ವಿಧಿಗೆ ವಿಮಾನ ಇಳಿಸೋಕೆ ಬರಲ್ಲಪ್ಪ, ಬೀಳಿಸೋಕೂ ಬರಲ್ಲ.

— ಮತ್ತೆ ಏನಂತ ಬರೀಲಿ ಸಾರ್? ಗ್ರಹಾಂ ಹಿಲ್ ಅಂದರೆ ಸಾಮಾನ್ಯ ಮನುಷ್ಯನಾ? 1962ರಲ್ಲಿ, ಮತ್ತೆ 1968ರಲ್ಲಿ ವಿಶ್ವ ಚಾಂಪಿಯನ್. ಮೊನಾಕೋದಲ್ಲಿ ಐದು ಸಲ ಗೆದ್ದಿದ್ದಾನೆ. ಮೊನಾಕೋ, ಇಂಡಿಯಾನಾಪೊಲಿಸ್, ಲೆ ಮಾನ್ ಈ ಮೂರನ್ನೂ ಗೆದ್ದವನು ಇವತ್ತಿಗೂ ಅವನೊಬ್ಬನೇ. ಅವನ ಕಾಲದ ಗೆಳೆಯರು ಒಬ್ಬೊಬ್ಬರಾಗಿ ಟ್ರ್ಯಾಕ್ ಮೇಲೆ ಸತ್ತರು. ಇವನು ಹದಿನೇಳು ವರ್ಷ ಫಾರ್ಮುಲಾ ಒನ್‌ನಲ್ಲಿ ಬದುಕಿ ಉಳಿದು, 1975ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಎಲ್ಲರಿಗೂ ಕೈಬೀಸಿ ರಿಟೈರ್ ಆದ. ನವೆಂಬರ್ 29ರ ರಾತ್ರಿ ಹೋಗಿಬಿಟ್ಟ. ಇದನ್ನ ವಿಧಿ ಅನ್ನದೆ ಇನ್ನೇನನ್ನಬೇಕು?

— ಆ ರಾತ್ರಿ ನಡೆದದ್ದನ್ನ ವಿಶೇಷಣ ಬಿಟ್ಟು ಹೇಳು ನೋಡೋಣ.

— ದಕ್ಷಿಣ ಫ್ರಾನ್ಸಿನ ಪಾಲ್ ರಿಕಾರ್ ಟ್ರ್ಯಾಕ್‌ನಲ್ಲಿ ಅವನ ತಂಡದ ಹೊಸ ಕಾರು ಜಿಎಚ್2ರ ಟೆಸ್ಟ್ ಮುಗೀತು. ಶನಿವಾರ ಸಂಜೆ ತನ್ನದೇ ಪೈಪರ್ ಆಜ್ಟೆಕ್‌ನಲ್ಲಿ ಮನೆ ಕಡೆ ಹೊರಟ. ಎರಡು ಎಂಜಿನ್, ಆರು ಸೀಟು. ಆರೂ ಭರ್ತಿ. ಪಕ್ಕದಲ್ಲಿ, ಹಿಂದೆ ಅವನ ಡ್ರೈವರ್ ಟೋನಿ ಬ್ರೈಸ್, ತಂಡದ ಮ್ಯಾನೇಜರ್, ಕಾರು ವಿನ್ಯಾಸ ಮಾಡಿದ ಎಂಜಿನಿಯರ್, ಇಬ್ಬರು ಮೆಕ್ಯಾನಿಕ್‌ಗಳು. ಬ್ರೈಸ್‌ಗೆ 23 ವರ್ಷ. ಆಡಿದ್ದು ಹತ್ತೇ ಗ್ರ್ಯಾಂಡ್ ಪ್ರಿ, ಆದರೆ ಮುಂದಿನ ಚಾಂಪಿಯನ್ ಅಂತ ಎಲ್ಲರೂ ಹೇಳ್ತಿದ್ದರು. ಲಂಡನ್ನಿನ ಉತ್ತರಕ್ಕೆ ಎಲ್‌ಸ್ಟ್ರೀ ಅನ್ನೋ ಚಿಕ್ಕ ಏರೋಡ್ರೋಮ್. ಕತ್ತಲೆ, ದಟ್ಟ ಮಂಜು. ಇಳಿಯೋಕೆ ಬರ್ತಾ ಆರ್ಕ್ಲಿ ಗಾಲ್ಫ್ ಮೈದಾನದ ಹತ್ತಿರ ಮರಗಳಿಗೆ ತಾಗಿ ನೆಲಕ್ಕೆ ಬಿತ್ತು. ಆರು ಜನವೂ ಹೋದರು.

— ಆರ್ಕ್ಲಿಯಿಂದ ಎಲ್‌ಸ್ಟ್ರೀ ರನ್‌ವೇಗೆ ಎಷ್ಟು ದೂರ?

— ಮೂರು ಮೈಲಿ ಇರಬಹುದು.

— ನಾಟಿಕಲ್ ಮೈಲಿ ಲೆಕ್ಕದಲ್ಲಿ ಮೂರು, ಮೂರೂವರೆ. ಈಗ ಒಂದು ಚಿಕ್ಕ ಲೆಕ್ಕ ಮಾಡು. ವಿಮಾನ ಇಳಿಯೋ ಸಾಮಾನ್ಯ ಇಳಿಜಾರು ಮೂರು ಡಿಗ್ರಿ. ರನ್‌ವೇಯಿಂದ ಹಿಂದಕ್ಕೆ ಹೋದ ಹಾಗೆ ಒಂದೊಂದು ಮೈಲಿಗೂ ಸುಮಾರು 300 ಅಡಿ ಮೇಲಿರಬೇಕು. ಮೂರು ಮೈಲಿ ಆಚೆ?

— 900. ಸಾವಿರ ಅಂತಿಟ್ಟುಕೊಳ್ಳಿ.

— ಸಾವಿರ ಅಡಿ ಮೇಲಿರಬೇಕಾದ ವಿಮಾನ ಮರದ ತುದಿ ಸವರಿಕೊಂಡು ಹೋಗಿದೆ. ಜೊತೆಗೆ ಬಾರ್ನೆಟ್, ಆರ್ಕ್ಲಿ ಕಡೆ ನೆಲ ಎಲ್‌ಸ್ಟ್ರೀಗಿಂತ ಸ್ವಲ್ಪ ಎತ್ತರ, ಏರು ಪ್ರದೇಶ. ಅಂದಮೇಲೆ ಇದು ರನ್‌ವೇ ಮೇಲೆ ಆದ ಎಡವಟ್ಟಲ್ಲ. ರನ್‌ವೇ ಇನ್ನೂ ಬಹಳ ದೂರ ಇರುವಾಗಲೇ ವಿಮಾನ ಯಾವತ್ತೂ ಇರಬಾರದಷ್ಟು ಕೆಳಗಿತ್ತು. ನಿನ್ನ ಲೇಖನದಲ್ಲಿ ಇದರ ಸುಳಿವೇ ಇಲ್ಲ.

— ಯಾಕೆ ಅಷ್ಟು ಕೆಳಗೆ ಬಂದ?

— ತನಿಖೆ ಮಾಡಿದವರಿಗೂ ಅದನ್ನ ಖಚಿತವಾಗಿ ಹೇಳೋಕೆ ಆಗಲಿಲ್ಲ. ಪೈಲಟ್ ತಪ್ಪು ಇರಬಹುದು ಅನ್ನೋದೇ ಹೆಚ್ಚು ಸಂಭವ ಅಂತ ನಿಲ್ಲಿಸಿದರು. ಹಾಗಾಗಿ ನಾನು ಹೇಳೋದು ಊಹೆ, ಊಹೆ ಅಂತಲೇ ತಗೋ. ನವೆಂಬರ್ ಕೊನೆ, ಗಾಳಿ ಇಲ್ಲದ ರಾತ್ರಿ. ಸೂರ್ಯ ಮುಳುಗಿದ ಮೇಲೆ ನೆಲ ಬಿಸಿ ಕಳಕೊಳ್ಳುತ್ತೆ, ಅದಕ್ಕೆ ಅಂಟಿಕೊಂಡ ಗಾಳಿ ತಣ್ಣಗಾಗುತ್ತೆ, ಒದ್ದೆ ಹುಲ್ಲಿನ ಮೇಲೆ ಮಂಜು ಕಟ್ಟೋಕೆ ಶುರುವಾಗುತ್ತೆ. ಬಯಲಲ್ಲಿ, ತಗ್ಗಿನಲ್ಲಿ ಮೊದಲು. ಈ ಜಾತಿ ಮಂಜು ಹಾಸಿದ ಹಾಗಿರುತ್ತೆ. ದಪ್ಪ ಕೆಲವೇ ನೂರು ಅಡಿ ಇದ್ದರೂ ಇರಬಹುದು. ಮಲಗುವಾಗ ಸೊಳ್ಳೆ ಪರದೆಯ ಒಳಗಿಂದ ನೆಟ್ಟಗೆ ಮೇಲೆ ನೋಡಿದರೆ ಫ್ಯಾನ್ ಕಾಣುತ್ತಲ್ಲ? ಅದೇ ಪರದೆಯನ್ನ ಓರೆಯಾಗಿ, ಉದ್ದಕ್ಕೆ ನೋಡು. ಬರೀ ಬಿಳಿ. ಹಾಗೇ ಇದೂ. ಏರೋಡ್ರೋಮ್ ನೆತ್ತಿಯ ಮೇಲೆ ಬಂದು ಕೆಳಗೆ ನೋಡಿದವನಿಗೆ ರನ್‌ವೇ ದೀಪ ಸ್ಪಷ್ಟವಾಗಿ ಕಾಣಬಹುದು. ‘ಕಾಣ್ತಿದೆಯಲ್ಲ, ಇಳಿದುಬಿಡೋಣ’ ಅನ್ಸುತ್ತೆ. ಸುತ್ತಿ ಬಂದು ಮೂರು ಡಿಗ್ರಿ ಓರೆಯಲ್ಲಿ ಇಳಿಯೋಕೆ ಶುರು ಮಾಡಿದರೆ ಅದೇ ಪದರದ ಉದ್ದಕ್ಕೂ ನೋಡಬೇಕು. ದೀಪ ಮಾಯ.

— ಮಾಯವಾದರೆ ಮೇಲಕ್ಕೆ ಏರೋದು ತಾನೇ?

— ಪುಸ್ತಕದಲ್ಲಿ ಹಾಗೇ ಇದೆ. ಕೈ ಬೇರೆ ಹೇಳುತ್ತೆ. ಇನ್ನೊಂಚೂರು ಕೆಳಗೆ ಹೋದರೆ ಮತ್ತೆ ಕಾಣಬಹುದು ಅಂತ ಮೂಗು ತಗ್ಗಿಸುತ್ತೆ. ಊರಿನ ಬೀದಿ ದೀಪ ಮಂಜಲ್ಲಿ ಮಸುಕಾಗಿ ಕಂಡರೆ ಅದೇ ರನ್‌ವೇ ಇರಬೇಕು ಅನ್ಸುತ್ತೆ. ಅಂಥ ವಿಮಾನ 90 ನಾಟ್ ವೇಗದಲ್ಲಿ ಇಳಿಯುವಾಗ ಸೆಕೆಂಡಿಗೆ 46 ಮೀಟರ್ ಹೋಗುತ್ತೆ. ಮುಂದೆ 500 ಮೀಟರ್ ಕಾಣ್ತಿದ್ದರೆ, ಕಣ್ಣಿಗೆ ಬಿದ್ದ ಮರ ಹನ್ನೊಂದನೇ ಸೆಕೆಂಡಿಗೆ ರೆಕ್ಕೆ ಹತ್ತಿರ ಇರುತ್ತೆ. ಕತ್ತಲೆಯಲ್ಲಿ ಮರ ಕಣ್ಣಿಗೆ ಬೀಳೋದೂ ಇಲ್ಲ, ಅದು ಬೇರೆ ಮಾತು.

— ಒಂದು ಪ್ರಯೋಗದ ಬಗ್ಗೆ ಓದಿದ್ದೆ. ಏನೂ ಕಾಣದ ಕಡೆ ಹೊಕ್ಕ ಪೈಲಟ್ ಮೂರು ನಿಮಿಷ ಬದುಕಲ್ಲ ಅಂತ...

— 178 ಸೆಕೆಂಡ್. ಇಲಿನಾಯ್ ವಿಶ್ವವಿದ್ಯಾಲಯ, 1954. ಉಪಕರಣ ನೋಡಿ ಹಾರಿಸಿ ಅಭ್ಯಾಸವಿಲ್ಲದ ಇಪ್ಪತ್ತು ಜನರನ್ನ ಕೂರಿಸಿ, ಮೋಡಕ್ಕೆ ಹೊಕ್ಕ ಹಾಗೆ ಹೊರಗೇನೂ ಕಾಣದಂತೆ ಮಾಡಿದರು. ಒಬ್ಬರೂ ಉಳೀಲಿಲ್ಲ. ಒಬ್ಬನಿಗೆ 20 ಸೆಕೆಂಡಿನಲ್ಲೇ ಹತೋಟಿ ತಪ್ಪಿತು, ಇನ್ನೊಬ್ಬ 480 ಸೆಕೆಂಡ್ ಎಳೆದ. ಸರಾಸರಿ 178. ಒಳಕಿವಿಯ ಕೆಲಸ ಅದು. ವಿಮಾನ ನಿಧಾನಕ್ಕೆ ವಾಲಿ ಒಂದೇ ಸಮ ತಿರುಗುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಕಿವಿ ಅದಕ್ಕೆ ಒಗ್ಗಿ ‘ನೆಟ್ಟಗಿದ್ದೀಯ’ ಅಂತ ಸುಳ್ಳು ಹೇಳುತ್ತೆ. ಆದರೆ ಆ ಪಾಠ ಕೆನಡಿಗೆ ಹೊಂದುತ್ತೆ, ಹಿಲ್‌ಗೆ ಅಷ್ಟಾಗಿ ಹೊಂದಲ್ಲ.

— ಜಾನ್ ಎಫ್. ಕೆನಡಿ ಜೂನಿಯರ್?

— ಹೌದು. 1999ರ ಜುಲೈ 16. ಪೈಪರ್ ಸರಟೋಗಾ, ಒಂದೇ ಎಂಜಿನ್. ನ್ಯೂಜೆರ್ಸಿಯಿಂದ ಮಾರ್ಥಾಸ್ ವೈನ್‌ಯಾರ್ಡ್ ದ್ವೀಪಕ್ಕೆ, ರಾತ್ರಿ, ಸಮುದ್ರದ ಮೇಲೆ, ಬೇಸಿಗೆಯ ಮಸುಕಿನಲ್ಲಿ. ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ದ್ವೀಪ ಹತ್ತಿರ ಬರ್ತಿದ್ದ ಹಾಗೆ ದಿಕ್ಕು ತಪ್ಪಿ ಸುತ್ತುತ್ತಾ ನೀರಿಗೆ ಬಿದ್ದ. ಜೊತೆಗೆ ಹೆಂಡತಿ, ಆಕೆಯ ಅಕ್ಕ. ಹಿಲ್‌ಗೆ ಉಪಕರಣ ನೋಡಿ ಹಾರಿಸೋದು ಗೊತ್ತಿತ್ತು. ಅಷ್ಟು ದೂರ ಫ್ರಾನ್ಸಿನಿಂದ ಕತ್ತಲಲ್ಲಿ ಬಂದಿದ್ದಾನೆ, ಸರಿಯಾದ ದಿಕ್ಕಿನಲ್ಲೇ ಇಳೀತಿದ್ದ. ಕೆನಡಿ ವರದಿಯಲ್ಲಿ ನನ್ನನ್ನ ಹಿಡಿದು ನಿಲ್ಲಿಸೋ ವಿಷಯ ಬೇರೆ. ಅವತ್ತು ಅವನ ಇನ್‌ಸ್ಟ್ರಕ್ಟರ್ ಒಬ್ಬರು ‘ನಾನೂ ಜೊತೆಗೆ ಬರ್ತೀನಿ’ ಅಂದಿದ್ದರು. ಬೇಡ, ಒಬ್ಬನೇ ಹೋಗ್ತೀನಿ ಅಂದ.

— ಅಯ್ಯೋ.

— ಅಯ್ಯೋ ಅನ್ನೋದು ಆಮೇಲೆ. ಅಲ್ಲಿ ‘ವಾಪಸ್ ತಿರುಗು’ ಅನ್ನೋ ಅಧಿಕಾರ ಇದ್ದ ಒಬ್ಬ ಮನುಷ್ಯ ಸಿಕ್ಕಿದ್ದ, ಅವನನ್ನ ನೆಲದಲ್ಲೇ ಬಿಟ್ಟು ಹೋದರು. ಹಿಲ್ ವಿಮಾನದಲ್ಲಿ ಅಂಥವನು ಇರೋದಕ್ಕೆ ಜಾಗವೇ ಇರಲಿಲ್ಲ.

— ಐದು ಜನ ಇದ್ದರಲ್ಲ ಸಾರ್?

— ಯಾರ ಐದು ಜನ? ತಂಡದ ಹೆಸರೇನು?

— ಎಂಬೆಸಿ ಹಿಲ್.

— ಕಾರಿನ ಹೆಸರು?

— ಜಿಎಚ್. ಗ್ರಹಾಂ ಹಿಲ್.

— ತಂಡ ಅವನದು, ಕಾರು ಅವನ ಹೆಸರಿನದು, ವಿಮಾನ ಅವನದು, ಸಂಬಳ ಅವನು ಕೊಡೋದು. ಏರ್‌ಲೈನ್‌ನಲ್ಲಿ ನೋಡು, ಹೊರಡೋದಾ ಬೇಡವಾ ಅಂತ ಲೆಕ್ಕ ಹಾಕೋಕೆ ನೆಲದಲ್ಲಿ ಡಿಸ್ಪ್ಯಾಚರ್ ಇರ್ತಾನೆ. ಕಾಕ್‌ಪಿಟ್‌ನಲ್ಲಿ ಇಬ್ಬರು. ಇಳಿಯುವಾಗ ಇಂತಿಷ್ಟು ಅಡಿಗೆ ರನ್‌ವೇ ಕಾಣದಿದ್ದರೆ ಪಕ್ಕದವನು ‘ಗೋ ಅರೌಂಡ್’ ಅಂತಾನೆ. ಅವನು ಮೊನ್ನೆ ಸೇರಿದ ಹುಡುಗನೇ ಆಗಿರಲಿ, ಕ್ಯಾಪ್ಟನ್ ವಾದ ಮಾಡದೆ ಎತ್ತಬೇಕು. ಪ್ರಯಾಣಿಕ ಬೈದುಕೊಂಡರೆ ಕಂಪನಿಗೆ ಬೈಕೋತಾನೆ. ಖಾಸಗಿ ವಿಮಾನದಲ್ಲಿ ಒಬ್ಬನೇ ಮಾಲೀಕ, ಒಬ್ಬನೇ ಪೈಲಟ್, ಅವನೇ ಡಿಸ್ಪ್ಯಾಚರ್, ಅವನೇ ಅತಿಥಿಗಳನ್ನ ಮನೆ ಮುಟ್ಟಿಸಬೇಕಾದ ಯಜಮಾನ. ಇನ್ನು ಉಳಿದವರೆಲ್ಲ ಅವನ ಕೈಕೆಳಗಿನವರು. ‘ಬಾಸ್, ಬೇರೆ ಕಡೆ ಇಳಿಯೋಣ’ ಅಂತ ಹಿಂದಿನ ಸೀಟಿನ ಮೆಕ್ಯಾನಿಕ್ ಹೇಳ್ತಾನಾ?

— ಅದರಲ್ಲೂ ಗ್ರಹಾಂ ಹಿಲ್‌ಗೆ ಹೇಳೋದು ಅಂದರೆ... ನಿಮಗೆ ಒಂದು ವಿಷಯ ಹೇಳ್ತೀನಿ, ಇದು ಲೇಖನದಲ್ಲಿಲ್ಲ. 1969ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಅವನ ಕಾರು ಪಲ್ಟಿ ಹೊಡೆದು ಎರಡೂ ಕಾಲು ಮುರೀತು. ಇನ್ನು ರೇಸ್ ಮುಗೀತು ಅಂದುಕೊಂಡರು ಎಲ್ಲ. ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಲಾಮಿಗೆ ಬಂದ. ನೆಟ್ಟಗೆ ನಡೆಯೋಕೆ ಬರ್ತಿರಲಿಲ್ಲ, ಹಿಡಿದೆತ್ತಿ ಕಾರಿನಲ್ಲಿ ಕೂರಿಸಿದರು. ಪೂರ್ತಿ ರೇಸ್ ಓಡಿಸಿ ಆರನೇ ಸ್ಥಾನ, ಒಂದು ಪಾಯಿಂಟ್!

— ನೋಡು, ಇದನ್ನ ಬಿಟ್ಟು ವಿಧಿ ಬರೆದಿದ್ದೀಯ! ಇಂಥ ಮನುಷ್ಯನ ಸುತ್ತ ಇರೋರು ವರ್ಷಗಟ್ಟಲೆ ಕಲಿತ ಪಾಠ ಯಾವುದು? ಡಾಕ್ಟರು ಆಗಲ್ಲ ಅಂದಾಗಲೂ ಇವನು ಆಗುತ್ತೆ ಅಂದರೆ ಆಗುತ್ತೆ. ಅವನೂ ತನ್ನ ಬಗ್ಗೆ ಅದನ್ನೇ ಕಲಿತಿರ್ತಾನೆ. ಕಾರಿನಲ್ಲಿ ಆ ಹಟ ಚಾಂಪಿಯನ್‌ಷಿಪ್ ತಂದುಕೊಡ್ತು. ಮಂಜಿನಲ್ಲಿ ಹಟಕ್ಕೆ ಹಿಡಿಯೋಕೆ ಏನೂ ಸಿಗಲ್ಲ. ಅಲ್ಲಿ ಪೈಲಟ್ ತೋರಿಸಬೇಕಾದ ಕಸುಬು ಅಂದರೆ ಬಿಟ್ಟುಕೊಡೋದು.

— ಆದರೆ ಸಾರ್, ಅದೇ ಪೈಲಟ್ ಬಾಡಿಗೆಯವನಾಗಿದ್ದರೆ? ಹಿಲ್ ಹಿಂದೆ ಕೂತು, ಸಂಬಳಕ್ಕೆ ಇಬ್ಬರು ಪೈಲಟ್ ಮುಂದೆ ಇದ್ದಿದ್ದರೆ? ಆಗಲೂ ಮಾತು ಅವನದೇ ನಡೀತಿತ್ತು ತಾನೇ?

— ಅದಕ್ಕೆ ಉದಾಹರಣೆ ಇದೆ. ಕೊಲರಾಡೋದ ಆಸ್ಪೆನ್, 2001ರ ಮಾರ್ಚ್ 29. ಬಾಡಿಗೆಗೆ ಪಡೆದ ಗಲ್ಫ್‌ಸ್ಟ್ರೀಮ್ ಜೆಟ್, ಸಣ್ಣದೇನಲ್ಲ, ಅನುಭವಿ ಪೈಲಟ್‌ಗಳು ಇಬ್ಬರು. ಸುತ್ತ ಬೆಟ್ಟ, ಹಿಮ ಬೀಳ್ತಿದೆ, ಬೆಳಕು ಹೋಗ್ತಿದೆ. ಆ ವಿಮಾನ ಅಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಇಳಿದಿರಬೇಕು ಅನ್ನೋ ನಿರ್ಬಂಧ ಇತ್ತು. ಪ್ರಯಾಣಿಕರೇ ತಡವಾಗಿ ಬಂದರು, ಹೊರಟಿದ್ದು ಮುಕ್ಕಾಲು ಗಂಟೆ ಹತ್ತಿರ ತಡ. ಬೇರೆ ಕಡೆ ಇಳೀಬೇಕಾಗಬಹುದು ಅಂತ ಪೈಲಟ್ ಅಂದದ್ದು ಗಿರಾಕಿಯ ಕಿವಿಗೆ ಬಿತ್ತು. ಆಸ್ಪೆನ್‌ಗೇ ಹೋಗಬೇಕು, ಬೇರೆಲ್ಲೂ ಇಳಿಸಕೂಡದು ಅಂತ ಕಂಪನಿಗೆ ಫೋನ್ ಹೋಯ್ತು. ಇಳಿಯೋ ಹೊತ್ತಿಗೆ ಪ್ರಯಾಣಿಕನೊಬ್ಬ ಬಂದು ಕಾಕ್‌ಪಿಟ್‌ನ ಹೆಚ್ಚುವರಿ ಸೀಟಿನಲ್ಲಿ ಕೂತ. ಮುಂದೆ ಹೋದ ವಿಮಾನ ಇಳಿಯಲಾರದೆ ಮೇಲೇರಿದ್ದೂ ರೇಡಿಯೋದಲ್ಲಿ ಕೇಳಿಸಿತು. ಆದರೂ ರನ್‌ವೇ ಕಾಣದೆ ಇಳೀಬಾರದ ಎತ್ತರಕ್ಕಿಂತ ಕೆಳಗೆ ಇಳಿದರು. ರನ್‌ವೇಗೆ ಅರ್ಧ ಮೈಲಿಯೊಳಗೆ ಬೆಟ್ಟದ ಬುಡಕ್ಕೆ ಹೊಡೀತು. ಹದಿನೆಂಟು ಜನರಲ್ಲಿ ಒಬ್ಬರೂ ಉಳೀಲಿಲ್ಲ. ಕ್ಯಾಪ್ಟನ್ ಮೇಲಿದ್ದ ಗಿರಾಕಿಯ ಒತ್ತಡವನ್ನ ತನಿಖಾ ವರದಿ ಕಾರಣಗಳ ಸಾಲಿನಲ್ಲೇ ಬರೀತು.

— ಅಂದರೆ ಇಬ್ಬರಿದ್ದರೂ ಅಷ್ಟೇ.

— ಇಬ್ಬರಿದ್ದು ಇಬ್ಬರೂ ಒಬ್ಬನೇ ಯಜಮಾನನ ಮುಖ ನೋಡ್ತಿದ್ದರೆ ಅಷ್ಟೇ. ನಮ್ಮಲ್ಲಿ ಚುನಾವಣೆ ಹೊತ್ತಿಗೆ ನಾಯಕರನ್ನ ದಿನಕ್ಕೆ ನಾಲ್ಕು ಸಭೆಗೆ ಹೊತ್ತು ತಿರುಗೋ ಪೈಲಟ್‌ಗಳನ್ನ ಕೇಳು, ಹೇಳ್ತಾರೆ. ಹೆಸರು ಹಾಕಬೇಡ ಅಂತಲೂ ಹೇಳ್ತಾರೆ.

— ಇದು ಹೊರಗಿನವರ ಮಾತಾಯ್ತು. ಹಿಲ್ ಕಾಗದಪತ್ರದ ವಿಷಯಕ್ಕೆ ಬನ್ನಿ. ನಾನು ಬೇಕಂತಲೇ ಅದನ್ನ ಎರಡು ಸಾಲಿಗೆ ಇಳಿಸಿದೆ. ವಿಮಾನದ ಅಮೆರಿಕನ್ ನೋಂದಣಿ ರದ್ದಾಗಿತ್ತು, ಹಳೇ ನಂಬರ್ ಹಾಗೇ ಉಳಿದಿತ್ತು. ಅಮೆರಿಕನ್ ಪೈಲಟ್ ಸರ್ಟಿಫಿಕೇಟ್, ಅದರ ಇನ್‌ಸ್ಟ್ರುಮೆಂಟ್ ರೇಟಿಂಗ್ ಅವಧಿ ಮುಗಿದಿತ್ತು. ಬ್ರಿಟನ್ನಿನಲ್ಲಿ ಕೆಟ್ಟ ಹವೆಯಲ್ಲಿ ಹಾರಿಸೋಕೆ ಬೇಕಾದ ರೇಟಿಂಗ್‌ಗೂ ಅದೇ ಗತಿ. ಆದರೆ ಮರಕ್ಕೆ ಗೊತ್ತಾ ಸಾರ್, ಲೈಸೆನ್ಸ್ ಅವಧಿ ಮುಗಿದಿದೆ ಅಂತ? ಕಾಗದ ಸರಿಯಿದ್ದಿದ್ದರೂ ವಿಮಾನ ಅಲ್ಲೇ ಬೀಳ್ತಿತ್ತು.

— ಇರಬಹುದು. ಪೂರ್ತಿ ಒಪ್ಪಲ್ಲ. ರೇಟಿಂಗ್ ಹೊಸದು ಮಾಡಿಸೋದು ಅಂದರೆ ಬರೀ ಸೀಲ್ ಒತ್ತಿಸೋದಲ್ಲ. ಪರೀಕ್ಷಕನೊಬ್ಬ ಪಕ್ಕದಲ್ಲಿ ಕೂತು, ಕಿಟಕಿಗೆ ಪರದೆ ಹಾಕಿಸಿ, ಆಲ್ಟಿಮೀಟರ್ ನೋಡಿಕೊಂಡು ಇಳಿಸು ಅಂತಾನೆ. ಆ ಎತ್ತರಕ್ಕೆ ಬಂದಾಗ ಕೈ ತಾನಾಗಿ ಥ್ರಾಟಲ್ ತಳ್ಳಬೇಕು. ತಳ್ಳದಿದ್ದರೆ ಫೇಲು. ನೋಡು, ಹಿಲ್‌ಗೆ ‘ಬೇಡ’ ಅನ್ನೋ ಧೈರ್ಯ ಇದ್ದ ಒಬ್ಬನೇ ಮನುಷ್ಯ ಆ ಪರೀಕ್ಷಕ. ಅವನ ಮುಂದೆ ಕೂತು ಎಷ್ಟು ಕಾಲ ಆಗಿತ್ತೋ.

— ಹ್ಞೂಂ. ಅದು ಹೊಳೆದಿರಲಿಲ್ಲ.

— ಇನ್ನೊಂದು ಭಾಗವನ್ನಂತೂ ನೀನು ಪೂರ್ತಿ ಬಿಟ್ಟಿದ್ದೀಯ. ಕಾಗದ ಇಲ್ಲ ಅಂದಮೇಲೆ ವಿಮೆ ಇಲ್ಲ. ಸತ್ತವರ ಮನೆಯವರು ಹಿಲ್ ಆಸ್ತಿಯ ಮೇಲೆ ದಾವೆ ಹೂಡಿದರು. ಹೂಡದೆ ಏನು ಮಾಡ್ತಾರೆ? ಅವರ ಮನೆಯಲ್ಲೂ ದುಡಿಯೋನು ಹೋಗಿದ್ದಾನೆ. ಹೆಂಡತಿ ಬೆಟ್ ಹಿಲ್, ಮೂರು ಮಕ್ಕಳು. ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋದರು.

— ಮಗ ಡೇಮನ್‌ಗೆ ಆಗ ಹದಿನೈದು. ಅಪ್ಪನ ಸುದ್ದಿ ಅವನಿಗೆ ಗೊತ್ತಾಗಿದ್ದು ಟೀವಿಯಿಂದ. ಆಮೇಲೆ ಲಂಡನ್ನಿನಲ್ಲಿ ಬೈಕ್ ಮೇಲೆ ಪಾರ್ಸಲ್ ಹಂಚಿ ದುಡ್ಡು ಮಾಡಿಕೊಂಡು ರೇಸಿಗಿಳಿದ. 1996ರಲ್ಲಿ ವಿಶ್ವ ಚಾಂಪಿಯನ್. ಅಪ್ಪನ ಹಾಗೇ ಕಡುನೀಲಿ ಹೆಲ್ಮೆಟ್ ಮೇಲೆ ದೋಣಿಯ ಬಿಳೀ ಹುಟ್ಟುಗಳ ಗುರುತು. ಅದನ್ನ ಬರೆದಿದ್ದೀನಿ.

— ಚೆನ್ನಾಗಿ ಬರೆದಿದ್ದೀಯ. ಆದರೆ ಓದಿದವನಿಗೆ ಬೈಕ್ ಪಾರ್ಸಲ್ ಯಾಕೆ ಬಂತು ಅಂತ ಗೊತ್ತಾಗಬೇಕಲ್ಲ. ಮಂಜು ಅಪ್ಪನನ್ನ ತಗೊಂಡಿತು ಅಂತಲೇ ಇಟ್ಟುಕೋ, ಮನೆಯನ್ನ ತಗೊಂಡಿದ್ದು ಮಂಜಲ್ಲ. ವಿಶ್ವ ಚಾಂಪಿಯನ್ ಅನ್ನೋ ಗೌರವಕ್ಕೆ ಪತ್ರಿಕೆಗಳು ಆ ಕಡೆ ಹೆಚ್ಚು ನೋಡಲ್ಲ. ನಾವು ನೋಡಬೇಕು ಅನ್ಸುತ್ತೆ ನನಗೆ. ಹಿಂದಿನ ಸೀಟಿನ ಮೆಕ್ಯಾನಿಕ್‌ನ ಹೆಂಡತಿ ಕಡೆಯಿಂದ ನೋಡು, ಆಗ ಆ ಎರಡು ಸಾಲು ಸಾಲಲ್ಲ.

— ಈಗಿನ ಕಾಲದಲ್ಲಿ ಆಗಿದ್ದರೆ ಉಳೀತಿದ್ದರಾ? ನಮ್ಮ ದೇವನಹಳ್ಳಿ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಯಲ್ಲೇ ಮಂಜಿನಲ್ಲಿ ಇಳಿಸೋ ಕ್ಯಾಟ್-3ಬಿ ಸಲಕರಣೆ ಇದೆ. ಐವತ್ತು ಮೀಟರ್ ಕಂಡರೂ ಇಳಿಸಬಹುದು ಅಂತಾರೆ. ಡಿಸೆಂಬರ್, ಜನವರಿ ಮಂಜಿನಲ್ಲಿ ಅದೇ ಗತಿ.

— ರನ್‌ವೇ ಒಂದರಲ್ಲಿ ಇದ್ದರೆ ಸಾಲದು. ಆ ಸಲಕರಣೆ ವಿಮಾನದಲ್ಲೂ ಇರಬೇಕು, ಪೈಲಟ್‌ಗಳಿಗೆ ಆ ತರಬೇತಿ ಆಗಿರಬೇಕು. ಎಲ್‌ಸ್ಟ್ರೀಯಂಥ, ಜಕ್ಕೂರಿನಂಥ ಚಿಕ್ಕ ಏರೋಡ್ರೋಮ್‌ಗಳಲ್ಲಿ ಅದ್ಯಾವುದೂ ಇರಲ್ಲ, ಕಣ್ಣಿಗೆ ಕಂಡರೆ ಹಾರು, ಕಾಣದಿದ್ದರೆ ಟೀ ಕುಡಿ. ಇನ್ನು ದೊಡ್ಡ ವಿಮಾನ ನಿಲ್ದಾಣದಲ್ಲಿ ಎಲ್ಲ ಇದ್ದೂ ಸಣ್ಣ ಜೆಟ್ ಜಾರೋದಿದೆ. 2023ರ ಸೆಪ್ಟೆಂಬರ್ 14, ಮುಂಬೈ. ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್, ಜೋರು ಮಳೆ, 700 ಮೀಟರ್ ಕಾಣ್ತಿತ್ತು. ಇಳಿಯುವಾಗ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗಿ ಮುರೀತು. ಎಂಟು ಜನರೂ ಬದುಕಿದರು, ಪುಣ್ಯ.

— ಈಗ ನೀವೇ ಪುಣ್ಯ ಅಂದಿರಿ.

— ಬದುಕಿದ್ದಕ್ಕೆ ಪುಣ್ಯ ಅನ್ನಬಹುದು. ಸತ್ತಿದ್ದಕ್ಕೆ ವಿಧಿ ಅಂದರೆ ತನಿಖೆ ಅಲ್ಲಿಗೇ ಮುಗೀತು, ಅದಕ್ಕೇ ಬೇಡ ಅಂದಿದ್ದು.

— ಒಂದು ಕೇಳ್ತೀನಿ, ನಿಜ ಹೇಳಿ. ಆ ರಾತ್ರಿ ಹಿಂದಿನ ಸೀಟಿನಲ್ಲಿ ನೀವಿದ್ದಿದ್ದರೆ? ಇಷ್ಟೆಲ್ಲ ಗೊತ್ತಿರೋ ನೀವು?

— ಶನಿವಾರ ರಾತ್ರಿ, ಚಳಿ, ಮನೆ ಹತ್ತಿರದಲ್ಲೇ ಇದೆ. ಬೇರೆ ಕಡೆ ಇಳಿದರೆ ಕಾರು ಒಂದು ಕಡೆ, ನಾವೊಂದು ಕಡೆ. ಹೊತ್ತಲ್ಲದ ಹೊತ್ತಲ್ಲಿ ಟ್ಯಾಕ್ಸಿ ಹುಡುಕಬೇಕು. ಮುಂದೆ ಕೂತಿರೋನು ಗ್ರಹಾಂ ಹಿಲ್. ಇನ್‌ಸ್ಟ್ರಕ್ಟರ್ ಆಗಿ ಕೂತಿದ್ದರೆ ಬಾಯಿ ಬಿಡ್ತಿದ್ದೆ. ಅವನ ಸಂಬಳ ತಿನ್ನೋನಾಗಿ ಕೂತಿದ್ದರೆ... ಬೆಲ್ಟ್ ಬಿಗಿ ಮಾಡಿಕೊಂಡು ಕಿಟಕಿ ಕಡೆ ನೋಡ್ತಿದ್ದೆ ಅಂತ ಕಾಣುತ್ತೆ. ಮಂಜಿನಲ್ಲಿ ಇಳಿಯುವಾಗ ಧೈರ್ಯ ಮಾಡೋಕಾಗಲ್ಲ. ಅದನ್ನ ಎಂಜಿನ್ ಶುರು ಮಾಡೋಕೆ ಮುಂಚೆ, ನೆಲದ ಮೇಲೇ ಮಾಡಿ ಮುಗಿಸಿರಬೇಕು. ‘ಇಷ್ಟು ಅಡಿಗೆ ದೀಪ ಕಾಣದಿದ್ದರೆ ಇನ್ನೊಂದು ಕಡೆ ಹೋಗ್ತೀವಿ, ರಾತ್ರಿ ಅಲ್ಲೇ ಉಳೀತೀವಿ’ ಅಂತ ಪೈಲಟ್ ಎಲ್ಲರ ಮುಂದೆ ಜೋರಾಗಿ ಹೇಳಿರಬೇಕು. ಹೇಳಿಬಿಟ್ಟರೆ ಮೆಕ್ಯಾನಿಕ್ ಕೂಡ ‘ಬಾಸ್, ಕಾಣ್ತಾ ಇಲ್ಲ’ ಅನ್ನಬಹುದು, ಅದು ಎದುರು ಮಾತು ಆಗಲ್ಲ.

— ಹೇಳದಿದ್ದರೆ? ಅಂಥ ವಿಮಾನ ಹತ್ತೋ ನಮ್ಮಂಥವರು ಏನು ಮಾಡಬೇಕು?

— ಹತ್ತೋಕೆ ಮುಂಚೆ ನೀನೇ ಕೇಳು. ಅಲ್ಲಿ ಇಳಿಯೋಕೆ ಆಗದಿದ್ದರೆ ರಾತ್ರಿ ಎಲ್ಲಿ ಮಲಗ್ತೀವಿ? ಊರಿನ ಹೆಸರು, ಹೋಟೆಲಿನ ಹೆಸರು ಹೇಳಿದರೆ ಹತ್ತು. ‘ಅದೆಲ್ಲ ಆಮೇಲೆ ನೋಡಿಕೊಳ್ಳೋಣ ಬನ್ನಿ ಸಾರ್’ ಅಂದರೆ ರೈಲಿನ ಟೈಮ್ ನೋಡು.

— ಆ ಹೊತ್ತಿಗೆ ತತ್ಕಾಲ್ ಕೂಡ ಸಿಗಲ್ಲ ಸಾರ್.

— ಬಸ್ಸಿಗೆ ಹೋಗು.